ವ್ಯಾನಿನ ಕೆಳಗಿನ ಜಾಗ

ನಿಂತ ಗಾಡಿಯ ಪಕ್ಕದಲ್ಲಿ ಹೋಗುವಾಗ ನಾನು ಈಗಲೂ ಸ್ವಲ್ಪ ದೂರ ಸರಿದೇ ನಡೆಯುತ್ತೇನೆ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಚಕ್ರ ಬಿಚ್ಚಿ ಜಾಕಿಯ ಮೇಲೆ ನಿಲ್ಲಿಸಿದ ಕಾರು ಕಂಡರೆ ರಸ್ತೆ ದಾಟಿ ಆ ಕಡೆಗೆ ಹೋಗಿಬಿಡುತ್ತೇನೆ. ಜೊತೆಗೆ ಬರುವ ಟೀಚರುಗಳು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಕಾಲು ಮಾತ್ರ ಈ ಕಡೆಗೆ ಬರುವುದಿಲ್ಲ.

ನಾನು ಬಂಗಾರಪೇಟೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಗಂಡ ಸುತ್ತಮುತ್ತಲ ಸಂತೆಗಳಲ್ಲಿ ಬಟ್ಟೆ ಮಾರುತ್ತಾರೆ. ನೈಟಿ, ಟವೆಲ್ಲು, ಮಕ್ಕಳ ಚಡ್ಡಿ, ಹೀಗೆ. ಗಂಟುಗಳನ್ನು ಸಾಗಿಸಲು ಒಂದು ಹಳೇ ವ್ಯಾನು ಇಟ್ಟುಕೊಂಡಿದ್ದರು. ಅದರ ಬಣ್ಣ ಒಂದು ಕಾಲದಲ್ಲಿ ಬಿಳಿ ಇದ್ದಿರಬೇಕು. ಅವರು ಹುಟ್ಟಿದ್ದು ದನ ಸಾಕುವ ಮನೆಯಲ್ಲಿ. ದನದ ಹೊಟ್ಟೆ ಮುಟ್ಟಿ ನೋಡಿ ಏನಾಗಿದೆ ಎಂದು ಹೇಳುವವರ ಮಗ. ವ್ಯಾನನ್ನೂ ಹಾಗೇ ನೋಡುತ್ತಿದ್ದರು. ಸದ್ದು ಕೇಳಿ, ಮೂಸಿ, ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುತ್ತಿದ್ದರು. ಮೆಕ್ಯಾನಿಕ್ಕಿನ ಹತ್ತಿರ ಬಿಡಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ರಜಾ ದಿನ ಬಂತೆಂದರೆ ಗೋಣಿಚೀಲ ಹಾಸಿಕೊಂಡು ಅದರ ಕೆಳಗೆ ಮಲಗುವುದು, ಮಧ್ಯಾಹ್ನ ಮುಖವೆಲ್ಲ ಮಸಿ ಮಾಡಿಕೊಂಡು ಊಟಕ್ಕೆ ಬರುವುದು.

ಆಗ ನಾವು ಊರಿಗಾಂನಲ್ಲಿ, ಚಿನ್ನದ ಗಣಿಯ ಹಳೇ ಕಂಪನಿ ಲೈನಿನ ಒಂದು ಮನೆಯಲ್ಲಿ ಬಾಡಿಗೆಗೆ ಇದ್ದೆವು. ಅಂಟಿಕೊಂಡ ಮನೆಗಳ ಸಾಲು, ತಗಡಿನ ಮಾಡು, ಮುಂದೆ ಇಳಿಜಾರಿನ ಓಣಿ, ಓಣಿಯ ತುದಿಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ನೆಲ ಮೇಲೆ ಗಟ್ಟಿ ಕಾಣುತ್ತಿತ್ತು. ಎರಡು ಮಳೆ ಬಿದ್ದರೆ ಹಿಟ್ಟಿನ ಹಾಗೆ ಆಗುತ್ತಿತ್ತು.

ಅವತ್ತು ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಕಾಮಸಮುದ್ರದ ದಾರಿಯಲ್ಲಿ ಸೈಲೆನ್ಸರ್ ಕಳಚಿ ನೇತಾಡಿತ್ತಂತೆ, ತಂತಿ ಕಟ್ಟಿಕೊಂಡು ಬಂದಿದ್ದರು. ನಾನು ಹೊಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ವ್ಯಾನಿನ ಹಿಂಭಾಗವನ್ನು ಗಾಡಿಯ ಜೊತೆಗೇ ಬಂದಿದ್ದ ಆ ಸಣ್ಣ ಜಾಕಿಯಲ್ಲಿ ಎತ್ತಿದರು. ಮುಂದಿನ ಚಕ್ರಕ್ಕೆ ಒಂದು ಕಲ್ಲು ಅಡ್ಡ ಕೊಟ್ಟರು. ಜಾಕಿಯ ಪಕ್ಕದಲ್ಲಿ ಮನೆ ಕಟ್ಟುವ ಸಿಮೆಂಟಿನ ಒಂದು ಹಾಲೋ ಬ್ಲಾಕ್ ನಿಲ್ಲಿಸಿ, ಅದರ ಮೇಲೆ ಮರದ ತುಂಡು ಇಟ್ಟರು.

"ಇದು ತಡೀತದಾ?" ಎಂದು ಕೇಳಿದೆ.

"ಮನೇನೇ ಒತ್ಕೊಂಡು ನಿಂತ್ಕಂತದೆ ಈ ಬ್ಲಾಕು. ಈ ಡಬ್ಬ ಏನು ಲೆಕ್ಕ?" ಎಂದು ನಗುತ್ತಾ ಒಳಗೆ ತೂರಿಕೊಂಡರು. ಸೊಂಟದಿಂದ ಕೆಳಗೆ ಮಾತ್ರ ಆಚೆ ಕಾಣುತ್ತಿತ್ತು. ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದಿತ್ತು.

ಒಳಗಿನಿಂದ ಬೋಲ್ಟನ್ನು ಬಡಿಯುವ ಸದ್ದು ಬರುತ್ತಿತ್ತು. ಆಮೇಲೆ ಅವರು ಸ್ಪ್ಯಾನರ್ ಹಾಕಿ ಜೋರಾಗಿ ಎಳೆದರೆಂದು ಕಾಣುತ್ತದೆ, ವ್ಯಾನು ಒಮ್ಮೆ ಅಲುಗಿತು. ನಾನು ತಲೆಯೆತ್ತಿದೆ. ಮುಂದಿನ ಚಕ್ರದ ಕಲ್ಲು ಆ ವಾರದ ಮಳೆಗೆ ಮೆತ್ತಗಾಗಿದ್ದ ಮಣ್ಣಿನಲ್ಲಿ ಹೂತುಕೊಂಡು, ಮೆಲ್ಲಗೆ ಮಗ್ಗುಲಿಗೆ ಹೊರಳಿತು. ವ್ಯಾನು ಒಂದು ಗೇಣಿನಷ್ಟು ಮುಂದಕ್ಕೆ ಹೋಯಿತು. ಅಷ್ಟೇ. ಜಾಕಿ ವಾಲಿತು, ಬ್ಲಾಕು ಪಟ್ಟೆಂದು ಒಡೆದು ಚೂರಾಯಿತು, ವ್ಯಾನು ಕೂತುಬಿಟ್ಟಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಅದೇ ಇವತ್ತಿಗೂ ನನ್ನನ್ನು ಹೆದರಿಸುವುದು. ಯಾರೋ ದಪ್ಪಗಿನವರು ಸುಸ್ತಾಗಿ ಮಂಚದ ಮೇಲೆ ಕೂತ ಹಾಗೆ ಒಂದು ಸದ್ದು. ಬೋಲ್ಟಿನ ಬಡಿತ ನಿಂತಿತು. ಆಚೆ ಚಾಚಿದ್ದ ಕಾಲುಗಳು ಒಮ್ಮೆ ಒದ್ದಾಡಿ, ಹಾಗೇ ನಿಂತವು.

ನಾನು ಓಡಿದೆನೋ ತೆವಳಿದೆನೋ ಗೊತ್ತಿಲ್ಲ. ಕೆನ್ನೆ ನೆಲಕ್ಕೊತ್ತಿ ಒಳಗೆ ನೋಡಿದೆ. ಒಂದು ಕಬ್ಬಿಣದ ಪಟ್ಟಿ ಅವರ ಬಲ ಭುಜದ ಮೇಲೂ ಎದೆಯ ಮೇಲೂ ಕೂತಿತ್ತು. ಮುಖ ನನ್ನ ಕಡೆಗೇ ತಿರುಗಿತ್ತು. ಕಣ್ಣು ಬಿಟ್ಟಿದ್ದರು. ಬಾಯಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ.

"ಏನಾಯ್ತು? ಮಾತಾಡಿ, ಮಾತಾಡ್ರೀ!"

"ಉಸ್ರು..." ಎಂದರು. ಒಂದು ಗಳಿಗೆ ಬಿಟ್ಟು ಮತ್ತೆ, "ಉಸ್ರು ಎಳ್ಕಳಕ್ಕೆ ಆಗ್ತಿಲ್ಲ ಕಣೇ."

ಚಕ್ರಗಳನ್ನು ಬಿಚ್ಚಿರಲಿಲ್ಲ, ಭಾರ ಹೆಚ್ಚಾಗಿ ಅವುಗಳ ಮೇಲೇ ಕೂತಿತ್ತು. ಬಿಚ್ಚಿದ್ದರೆ ಆ ಎರಡು ಮಾತೂ ಬರುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ಬಂಪರ್ ಹಿಡಿದು ಎತ್ತಿದೆ. ಅದು ಮಿಸುಕಲಿಲ್ಲ. ಜಾಕಿ ವಾಲಿ ವ್ಯಾನಿನ ಅಡಿಯಲ್ಲೇ ಸಿಕ್ಕಿಕೊಂಡಿತ್ತು. ಆಗ ನಾನು ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆನೋ ನೆನಪಿಲ್ಲ. ಆ ಓಣಿಯಲ್ಲಿ ಮೂರು ಭಾಷೆಗೂ ಜನ ತಿರುಗಿ ನೋಡುತ್ತಾರೆ.

ನಲ್ಲಿಯ ಹತ್ತಿರ ಇದ್ದದ್ದು ಹೆಂಗಸರೇ. ಬಿಂದಿಗೆಗಳನ್ನು ಅಲ್ಲೇ ಎಸೆದು ಓಡಿ ಬಂದರು. ಮೊದಲು ಬಂದವಳು ಅವರ ಎರಡೂ ಕಾಲು ಹಿಡಿದು ಎಳೆಯಲು ಹೋದಳು. ಒಳಗಿನಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ.

"ಇಳುಕ್ಕಾದೀಂಗೊ! ಎಳೀಬ್ಯಾಡ, ಬಿಡು, ಬಿಡಮ್ಮಾ!" ಎಂದು ಕೂಗಿದವಳು ಪಕ್ಕದ ಮನೆಯ ತಮಿಳಿನ ಅಜ್ಜಿ. ಆಕೆಯ ಗಂಡ ಗಣಿಯಲ್ಲಿ ಇಳಿಯುತ್ತಿದ್ದವರು, ತೀರಿಹೋಗಿ ಬಹಳ ಕಾಲವಾಗಿತ್ತು. ಆಕೆಯೇ ಮತ್ತೆ ಕೂಗಿದಳು. "ಮೊದ್ಲು ಎತ್ತಿ. ಎಲ್ಲಾರೂ ಒಂದೇ ಸಲ ಎತ್ತಿ. ಆಮೇಲೆ ಎಳೀರಿ."

ಹಿಂದಿನ ಬಂಪರಿಗೂ ಚಕ್ರದ ಅಂಚಿಗೂ ಕೈ ಕೊಟ್ಟು ನಿಂತೆವು. ಸೀರೆ ಸಿಕ್ಕಿಸಿಕೊಂಡವರು, ನೈಟಿಯವರು, ಕೈಯಲ್ಲಿ ಇನ್ನೂ ಸೋಪಿನ ನೊರೆ ಇದ್ದವರು. ಗೋಡೆಗೆ ಒರಗಿಸಿದ್ದ ಸ್ಟೆಪ್ನಿ ಚಕ್ರವನ್ನು ಒಬ್ಬಳು ಉರುಳಿಸಿ ತಂದಳು. ಎತ್ತಿದ ಕೂಡಲೇ ಅದನ್ನು ಅಡಿಗೆ ಮಲಗಿಸಿ ತಳ್ಳು ಎಂದು ಯಾರೋ ಹೇಳಿದರು. ಎತ್ತಿದೆವು. ನನ್ನ ಬೆನ್ನಲ್ಲಿ ಏನೋ ಹರಿದ ಹಾಗಾಯಿತು. ವ್ಯಾನು ಮೇಲೆ ಬಂತು, ಮತ್ತೆ ಇಳಿಯಿತು. ಆ ಇಳಿದ ಕ್ಷಣದಲ್ಲಿ ನಾನು ವಿಧವೆಯಾದೆ ಎಂದುಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ.

"ಇನ್ನೊಂದ್ಸಲ! ಬಿಡ್ಬ್ಯಾಡ್ರೇ!"

ಎರಡನೇ ಸಲಕ್ಕೆ ಸ್ಟೆಪ್ನಿ ಒಳಗೆ ಹೋಯಿತು. ಕೈ ಬಿಟ್ಟರೂ ವ್ಯಾನು ಅದರ ಮೇಲೆ ಕೂತಿತು, ಅವರ ಮೇಲೆ ಕೂರಲಿಲ್ಲ. ಅವರನ್ನು ಗೋಣಿಚೀಲದ ಸಮೇತ ಮೆಲ್ಲಗೆ ಎಳೆದುಕೊಂಡೆವು. ತುಟಿ ನೀಲಿಯಾಗಿತ್ತು. ಆಚೆ ಬಂದ ಮೇಲೆ ಎಳೆದುಕೊಂಡ ಮೊದಲ ಉಸಿರಿನ ಸದ್ದು ಹರಿದ ತಗಡಿನ ಮೇಲೆ ಗಾಳಿ ಹಾಯ್ದ ಹಾಗಿತ್ತು. ಅದನ್ನು ಕೇಳಿ ಅಜ್ಜಿ ನೆಲದ ಮೇಲೆ ಕೂತುಬಿಟ್ಟಳು.

ಆಂಬುಲೆನ್ಸ್ ಬಂತು, ಕೋಲಾರದ ಆಸ್ಪತ್ರೆಗೆ ಹೋದೆವು. ಪಕ್ಕೆಲುಬುಗಳು ಮುರಿದಿದ್ದವು, ಕಾಲರ್ ಬೋನ್ ಮುರಿದಿತ್ತು, ಭುಜದ ನರಕ್ಕೆ ಪೆಟ್ಟಾಗಿತ್ತು. ಎಲುಬುಗಳು ಕೂಡಿಕೊಂಡವು. ಬಲಗೈ ಮಾತ್ರ ಭುಜದಿಂದ ಮೇಲಕ್ಕೆ ಏಳಲೇ ಇಲ್ಲ.

ಅವರಿಗಿಂತ ನಾನು ಹೆಚ್ಚು ಕೆಟ್ಟೆ ಎಂದು ಹೇಳಿದರೆ ನಂಬುತ್ತಾರೋ ಇಲ್ಲವೋ. ಅಟ್ಟದ ಕೆಳಗೆ ಮಲಗಲು ಆಗುತ್ತಿರಲಿಲ್ಲ, ಮೇಲಿರುವ ಪಾತ್ರೆಗಳೆಲ್ಲ ಕಾಯುತ್ತಿವೆ ಅನ್ನಿಸುತ್ತಿತ್ತು. ತರಗತಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕುತ್ತಿರಲಿಲ್ಲ. ಮಕ್ಕಳು ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕಲು ತೂರಿದರೆ ನನ್ನ ದನಿ ಏರಿಬಿಡುತ್ತಿತ್ತು. ಆ ಓಣಿಯಲ್ಲಿ ಇರಲಾರೆನೆಂದು ಹಟ ಹಿಡಿದು ಬಂಗಾರಪೇಟೆಗೆ ಮನೆ ಬದಲಾಯಿಸಿದೆ. ರೈಲ್ವೆ ಹಳಿಯ ಹತ್ತಿರದ ಮನೆ. ಮುಂದೆ ಸಮತಟ್ಟಾದ ಸಿಮೆಂಟಿನ ಅಂಗಳ. ವ್ಯಾನನ್ನು ಮಾರಿಬಿಡಿ ಎಂದೆ. ಅವರು ಮಾರಲಿಲ್ಲ, ಬೇರೆಯವರ ಕೈಯಲ್ಲಿ ಓಡಿಸಿಕೊಂಡು ಸಂತೆಗೆ ಹೋಗತೊಡಗಿದರು.

ಒಂದು ಸಂಜೆ ಶಾಲೆಯಿಂದ ಬಂದಾಗ ಬಾಗಿಲ ಬಳಿ ಎರಡು ಕಬ್ಬಿಣದ ಸ್ಟ್ಯಾಂಡುಗಳು ನಿಂತಿದ್ದವು. ಅಗಲವಾದ ಕಾಲು, ಹಲ್ಲುಹಲ್ಲಾದ ಕಂಬ, ತಲೆಯ ಮೇಲೆ ಗಾಡಿ ಕೂರಲು ತಗ್ಗು. ಪಕ್ಕದಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಮರದ ಬೆಣೆಗಳು, ಒಂದು ದೊಡ್ಡ ಜಾಕಿ.

"ಇದೇನಿದು?"

"ಜಾಕಿ ಸ್ಟ್ಯಾಂಡು. ಜಾಕಿ ಬರೀ ಎತ್ತಕ್ಕಂತೆ, ಒತ್ಕೊಂಡು ನಿಲ್ಲಕ್ಕಲ್ಲಂತೆ. ನಿಲ್ಲೋದು ಇದು." ಬೆಣೆಯೊಂದನ್ನು ಕಾಲಿನಿಂದ ಸರಿಸುತ್ತಾ ಹೇಳಿದರು. "ಸೈಲೆನ್ಸರ್ ಮತ್ತೆ ಕೆಳಕ್ಕೆ ಬಂದದೆ."

ಅವರ ಮುಖ ನೋಡಿದ ಕೂಡಲೇ ತಿಳಿಯಿತು. ನಾನು ಶಾಲೆಗೆ ಹೋದ ಹೊತ್ತಲ್ಲಿ, ಒಂದೇ ಕೈಯಲ್ಲಿ, ಅದರ ಕೆಳಗೆ ಹೋಗುವವರಿದ್ದರು.

"ಮೆಕ್ಯಾನಿಕ್ಕಿಗೆ ಕೊಡಿ."

"ಅವನು ಇನ್ನೊಂದು ತಂತಿ ಕಟ್ಟಿ ಕಳಿಸ್ತಾನೆ. ಎರಡು ಬೋಲ್ಟಿನ ಕೆಲ್ಸ."

"ನೀವು ಓಗಂಗಿಲ್ಲ."

"ಮತ್ಯಾರು ಓಗ್ತಾರೆ? ನೀನು ಓಗ್ತೀಯಾ?"

ಸಿಟ್ಟಿಗೆ ಕೇಳಿದ್ದು ಅದು. "ಊಂ, ನಾನೇ ಓಗ್ತೀನಿ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಯಾಕೆ ಬಂತೆಂದು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ಅವರು ಅಡಿಯಲ್ಲಿರುವುದನ್ನು ಆಚೆ ಕೂತು ನೋಡುವುದಕ್ಕಿಂತ ನಾನೇ ಅಡಿಯಲ್ಲಿರುವುದು ಕಡಿಮೆ ಭಯದ್ದು ಎಂದು ಆಗ ಅನ್ನಿಸಿತ್ತು. ಅದು ತಪ್ಪೆಂದು ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ.

ಭಾನುವಾರ ಎಲ್ಲವನ್ನೂ ಬೆಳಕಿನಲ್ಲಿ ಮಾಡಿದೆವು. ಅವರು ಹೇಳಿದರು, ನಾನು ಮಾಡಿದೆ. ಮೊದಲು ಮುಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಬೆಣೆ ಒತ್ತಿದೆ. "ಅವತ್ತು ತಪ್ಪಾಗಿದ್ದು ಇಲ್ಲೇ" ಎಂದರು. "ಈ ಗಾಡೀಲಿ ಹ್ಯಾಂಡ್‌ಬ್ರೇಕು ಇಡಿಯೋದೂ ಹಿಂದಿನ ಚಕ್ರಾನೇ, ಗೇರು ಇಡಿಯೋದೂ ಹಿಂದಿನ ಚಕ್ರಾನೇ. ಹಿಂದೆ ಎತ್ತಿಬಿಟ್ರೆ ಮುಂದಿನ ಚಕ್ರಕ್ಕೆ ಏನೂ ಇಡಿತ ಇಲ್ಲ. ಒಂದು ಕಲ್ಲು ನಂಬ್ಕೊಂಡಿದ್ದೆ." ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಜಾಕಿ ಎತ್ತಿದೆ. ಪ್ರತಿ ಸಲ ಸಲಾಕೆ ಒತ್ತಿದಾಗಲೂ ವ್ಯಾನು ಮುಲುಗುತ್ತಿತ್ತು. ಅವರು ತೋರಿಸಿದ ಕಡೆ, ತಗಡಿಗಲ್ಲ, ಚಾಸಿಯ ದಪ್ಪ ಕಬ್ಬಿಣದ ತೊಲೆಯ ಅಡಿಗೆ ಎರಡೂ ಕಡೆ ಸ್ಟ್ಯಾಂಡು ನಿಲ್ಲಿಸಿ, ಒಂದೇ ಎತ್ತರಕ್ಕೆ ಹಲ್ಲು ಕಚ್ಚಿಸಿದೆ. ಕಚ್ಚಿದೆಯೋ ಇಲ್ಲವೋ ಎಂದು ಬೆರಳಲ್ಲಿ ಮುಟ್ಟಿ ನೋಡಿದೆ. ಆಮೇಲೆ ಜಾಕಿಯನ್ನು ಮೆಲ್ಲಗೆ ಇಳಿಸಿದೆ. ಭಾರ ಸ್ಟ್ಯಾಂಡಿನ ಮೇಲೆ ಕೂತಿತು. ಜಾಕಿಯನ್ನು ತೆಗೆಯದೆ ಮುಟ್ಟಿಸಿ ಅಲ್ಲೇ ಬಿಟ್ಟೆವು. ಪಕ್ಕದಲ್ಲಿ ಸ್ಟೆಪ್ನಿಯನ್ನು ಮಲಗಿಸಿದೆವು.

"ಈಗ ನೂಕು. ಜೋರಾಗಿ ನೂಕು. ಬೀಳೋದಾದ್ರೆ ಈಗ್ಲೇ ಬೀಳ್ಲಿ."

ಭುಜ ಕೊಟ್ಟು ನೂಕಿದೆ. ಅಲುಗಲಿಲ್ಲ. ಆ ಕಡೆಯಿಂದಲೂ ನೂಕಿದೆ. ಅಲುಗಲಿಲ್ಲ. ಆದರೂ ಚೂಡಿದಾರದ ವೇಲನ್ನು ಬಿಗಿದು ಕಟ್ಟಿ, ಮಲಗಿ, ಬೆನ್ನಿನ ಮೇಲೆ ಜರುಗಿಕೊಂಡು ಒಳಗೆ ಹೋಗುವಾಗ ನನ್ನ ಹಲ್ಲುಗಳು ಒಂದಕ್ಕೊಂದು ತಾಗುತ್ತಿದ್ದವು.

ಒಳಗೆ ಎಣ್ಣೆಯ, ಸುಟ್ಟ ಮಣ್ಣಿನ ವಾಸನೆ. ಕಬ್ಬಿಣ ಮೂಗಿನ ಹತ್ತಿರವೇ. ಅವರ ಎದೆಯ ಮೇಲೆ ಕೂತಿದ್ದ ಪಟ್ಟಿ ಯಾವುದೆಂದು ಹುಡುಕಬಾರದೆಂದು ನಿರ್ಧರಿಸಿದ್ದೆ. ಹುಡುಕಿದೆ. ಸಿಕ್ಕಿತು. ಮಾಮೂಲಿ ಪಟ್ಟಿ, ತುಕ್ಕು ಹಿಡಿದದ್ದು. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಏನೂ ಬಿದ್ದಿರದಿದ್ದರೂ ಎದೆಯ ಮೇಲೆ ಭಾರ ಕೂತಿತ್ತು.

"ಎಡಗಡೆ ಬೋಲ್ಟು ಕಾಣ್ತದಾ?" ಎಂದು ಆಚೆಯಿಂದ ಕೇಳಿದರು.

"ಕಾಣ್ತದೆ."

"ಅದಕ್ಕೆ ಸ್ಪ್ಯಾನರ್ ಆಕು. ಎಳೀಬ್ಯಾಡ, ಮೆಲ್ಲಗೆ ತಿರುಗಿಸು."

ಒಂದು ಬೋಲ್ಟು ಬಿಗಿಯಾಯಿತು. ಎರಡನೆಯದಕ್ಕೆ ಕೈ ಹಾಕಿದಾಗ ಬೆನ್ನಿನ ಕೆಳಗೆ ನೆಲ ನಡುಗತೊಡಗಿತು. ಮೊದಲು ನನ್ನ ಮೈಯೇ ನಡುಗುತ್ತಿದೆ ಅಂದುಕೊಂಡೆ. ಆಮೇಲೆ ಸಿಮೆಂಟಿನ ಮೇಲಿದ್ದ ಸ್ಪ್ಯಾನರ್ ತಾನಾಗಿಯೇ ಕಟಕಟ ಅನ್ನತೊಡಗಿತು. ಗೂಡ್ಸ್ ರೈಲು. ಭಾನುವಾರ, ಆ ಹೊತ್ತಿಗೆ ಯಾವ ರೈಲೂ ಇಲ್ಲವೆಂದು ನೋಡಿಕೊಂಡೇ ಶುರುಮಾಡಿದ್ದೆವು. ಗೂಡ್ಸಿಗೆ ವೇಳೆಯೇ ಇಲ್ಲವೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

"ಬಾ ಆಚೆಗೆ! ಲೇ, ಬಾರೇ ಆಚೆಗೆ!" ಎಂದು ಅವರು ಕೂಗಿದರು. ಅಷ್ಟು ಕೆಟ್ಟ ದನಿ ಅವರ ಗಂಟಲಿಂದ ನಾನು ಕೇಳಿರಲಿಲ್ಲ, ಊರಿಗಾಂನ ಆ ದಿನವೂ ಕೇಳಿರಲಿಲ್ಲ.

ನನಗೆ ಬರಲಾಗಲಿಲ್ಲ. ಕಾಲಿಗೆ ಹೇಳಿದರೆ ಕಾಲು ಕೇಳಲಿಲ್ಲ. ಕಣ್ಣು ಮಾತ್ರ ಸ್ಟ್ಯಾಂಡಿನ ಮೇಲೆ ನೆಟ್ಟಿತ್ತು. ರೈಲಿನ ಡಬ್ಬಿಯ ಹಿಂದೆ ಡಬ್ಬಿ ಹಾಯುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ. ಚಾಸಿಯಿಂದ ಒಣಗಿದ ಮಣ್ಣು ಉದುರಿ ಕಣ್ಣಿಗೆ, ಬಾಯಿಗೆ ಬಿತ್ತು. ಸ್ಟ್ಯಾಂಡಿನ ಕಾಲು ನಿಂತಲ್ಲೇ ನಿಂತಿತ್ತು. ಹಲ್ಲು ಕಚ್ಚಿದ ಹಾಗೇ ಕಚ್ಚಿತ್ತು. ರೈಲಿನ ಸದ್ದು ಟೇಕಲ್ ಕಡೆಗೆ ಸಣ್ಣದಾಗುತ್ತಾ ಹೋಯಿತು. ನೆಲ ಸುಮ್ಮನಾಯಿತು.

ಕಣ್ಣಿನ ಮಣ್ಣನ್ನು ತೋಳಿನಿಂದ ಒರೆಸಿಕೊಂಡೆ.

"ಇದೀಯಾ?" ಎಂದರು.

"ಇದೀನಿ."

"ಬಿಟ್ಟು ಬಾ. ಸೈಲೆನ್ಸರ್ ಆಳಾಗೋಗ್ಲಿ."

"ಇನ್ನೊಂದು ಬೋಲ್ಟು ಅದೆ" ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಈಗ ಆಚೆ ಬಂದರೆ ಮತ್ತೆಂದೂ ಒಳಗೆ ಹೋಗಲಾರೆ, ಆಗ ಅವರು ಹೋಗುತ್ತಾರೆ, ಅದಕ್ಕೆ. ಬೋಲ್ಟು ಕೂರಿಸಲು ಬೆರಳು ನಾಲ್ಕಾರು ಸಲ ಜಾರಿತು. ಕೂತಿತು. ಬಿಗಿ ಮಾಡಿದೆ. ಮತ್ತೆ ಬೆನ್ನಿನ ಮೇಲೆ ಜರುಗುತ್ತಾ, ಮಂಡಿ, ಸೊಂಟ, ಕೊನೆಗೆ ತಲೆ, ಬಿಸಿಲಿಗೆ ಬಂದೆ.

ಅವರು ವ್ಯಾನಿನ ಹಿಂದೆ ಮಂಡಿಯೂರಿ ಕೂತಿದ್ದರು. ಏಳದ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈಯಿಂದ ಬಂಪರಿನ ಅಡಿಯನ್ನು ಮೇಲಕ್ಕೆ ಒತ್ತಿ ಹಿಡಿದಿದ್ದರು. ತೋಳಿನ ನರಗಳೆಲ್ಲ ಎದ್ದು ನಿಂತಿದ್ದವು, ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಒಳಗೆ ಹೋದಾಗಿನಿಂದಲೂ ಹಾಗೇ ಹಿಡಿದಿದ್ದರೆಂದು ಕಾಣುತ್ತದೆ. ಆ ವ್ಯಾನನ್ನು ಒಂದು ಕೈ ಏನೂ ಮಾಡಲಾರದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬಿಡಿ, ಬಂದೆ" ಎಂದೆ.

ಅವರ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ನಾನೇ ಪಕ್ಕದಲ್ಲಿ ಕೂತು ಒಂದೊಂದಾಗಿ ಬಿಡಿಸಿದೆ.