ಹಸಿ ಗಳ, ಹತ್ತದ ಬಲ್ಬ್

೨೦೦೪ರಲ್ಲಿ ನಾನು ರಾಣೆಬೆನ್ನೂರು ತಾಲೂಕಿನ ಐರಣಿ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಒಂಬತ್ತನೆಯ ತರಗತಿಗೆ ವಿದ್ಯುತ್ ವಾಹಕತೆಯ ಪಾಠ. ಎರಡು ಟಾರ್ಚ್ ಸೆಲ್, ಒಂದು ಪುಟ್ಟ ಬಲ್ಬ್, ಎರಡು ತುಂಡು ವೈರ್. ನಡುವೆ ಮೊಳೆ ಇಟ್ಟರೆ ಬಲ್ಬ್ ಹತ್ತುತ್ತದೆ, ಅದು ವಾಹಕ. ಒಣ ಕಟ್ಟಿಗೆ ಇಟ್ಟರೆ ಹತ್ತುವುದಿಲ್ಲ, ಅದು ಅವಾಹಕ. ಗಿರಿಜಾ ಎಂಬ ಹುಡುಗಿ, ಮಹಾ ಚುರುಕು, ಆ ಸಾಮಾನನ್ನು ಮನೆಗೆ ಒಯ್ಯುತ್ತೇನೆಂದು ಬೇಡಿದಳು. ಸಂತೋಷದಿಂದಲೇ ಕೊಟ್ಟೆ.

ಹೊಳೆದಂಡೆಯ ರೈತರದೊಂದು ರೂಢಿ. ಪಂಪಿನ ವೈರ್ ಕಂಬದ ಲೈನಿನಿಂದ ಜಾರಿದರೆ ಲೈನ್‌ಮನ್‌ಗೆ ಕಾಯುವುದಿಲ್ಲ. ಪಂಪು ಓಡಿದರೇನೇ ವೈರ್ ಸರಿಯಾಗಿ ಕೂತದ್ದು ತಿಳಿಯುತ್ತದೆಂದು, ಕರೆಂಟ್ ಇರುವಾಗಲೇ ಬಿದಿರುಗಳದ ತುದಿಯಿಂದ ತಾವೇ ಸಿಕ್ಕಿಸುತ್ತಾರೆ. ಹುಚ್ಚು ಧೈರ್ಯ! ಬೈದು ಬೈದು ನನ್ನ ಬಾಯಿ ನೋಯುತ್ತಿತ್ತು.

ಮರುದಿನ ಊಟದ ಬಿಡುವಿನಲ್ಲಿ ಗಿರಿಜಾ ಹಿಗ್ಗಿನಿಂದ ಬಂದಳು. "ಸರ್, ಅಪ್ಪನ ಹಳೇ ಗಳ ಮುರೀತ್ರಿ. ಮುಂಜಾನೆ ಹೊಸಾದು ಕಡದಾನ. ನಾ ಬಲ್ಬ್ ಹಚ್ಚಿ ನೋಡೇನ್ರಿ, ಹತ್ತಲೇ ಇಲ್ಲ. ಏನೂ ಆಗಂಗಿಲ್ಲಪಾ ಅಂತ ಹೇಳೇನ್ರಿ!"

ಶಾಬಾಸ್ ಅನ್ನಲು ಬಾಯಿ ತೆರೆದೆ, ಆಗ ಹೊಳೆಯಿತು: ಮುಂಜಾನೆ ಕಡಿದ ಗಳ ಇನ್ನೂ ಹಸಿ. ಹಸಿ ಬಿದಿರಿನಲ್ಲಿ ನೀರಿರುತ್ತದೆ. ಸೆಲ್ಲಿನ ಮೂರು ವೋಲ್ಟ್ ಅದರಲ್ಲಿ ಬಲ್ಬ್ ಹತ್ತಿಸಲಾರದು, ಲೈನಿನ ನಾನೂರು ವೋಲ್ಟ್ ಮನುಷ್ಯನನ್ನು ಕೊಲ್ಲಬಲ್ಲದು.

"ಯಾವಾಗ ಸಿಗಿಸ್ತಾನ?"

"ಎರಡಕ್ಕ ಕರೆಂಟ್ ಬರತೈತ್ರಿ, ಆವಾಗ."

ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಅವಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೆ. ಎಂಥ ಹೆದರಿಕೆ ಅಂತೀರಿ! ಹಿಂದಿನಿಂದ ಅವಳು, "ಸರ್, ಅಪ್ಪಗ ಏನಾರ ಆಗತೈತೇನ್ರಿ?" ಎನ್ನುತ್ತಲೇ ಇದ್ದಳು. "ಹಸಿ ಗಳದಾಗ ನೀರಿರತೈತಿ, ಲೈನಿನ ಕರೆಂಟ್ ಅದರಾಗ ಹರೀತೈತಿ" ಎಂದು ಸ್ಕೂಟರ್ ಇನ್ನೂ ಜೋರು ಬಿಟ್ಟೆ.

ಹೊಲ ಮುಟ್ಟಿದಾಗ ಪಕ್ಕದ ಪಂಪು ಆಗಲೇ ಸದ್ದು ಮಾಡುತ್ತಿತ್ತು, ಕರೆಂಟ್ ಬಂದಿತ್ತು. ಅವಳಪ್ಪ ಬಸಣ್ಣ ಕೆಸರಿನಲ್ಲಿ ನಿಂತು ಗಳ ಎತ್ತಿದ್ದ. ತುದಿಗೂ ತಂತಿಗೂ ಮೊಳದ ಅಂತರ. ನಾನು ಸ್ಕೂಟರ್ ಬದುವಿಗೆ ಕೆಡವಿ ಓಡಿದೆ.

"ಅಪ್ಪಾ, ಚೆಲ್ಲೋ ಅದನ್ನ!" ಗಿರಿಜಾ ಕಿರುಚಿದಳು.

ಬಸಣ್ಣ ಗಳವನ್ನು ಪಕ್ಕಕ್ಕೆ ಎಸೆದ. ಹುಡುಗಿ ಓಡಿ ಅವನನ್ನು ತಬ್ಬಿ ಹೋ ಎಂದು ಅತ್ತಳು. ಅವನಿಗೆ ಏನೂ ತಿಳಿಯಲಿಲ್ಲ.

"ಯಾಕವ್ವಾ? ಪ್ರತಿ ಸಲ ರಬ್ಬರ್ ಚಪ್ಪಲಿ ಹಾಕ್ಕೊಂಡು ಹೆದರಿ ಹೆದರಿ ಹಚ್ತಿದ್ದೆ. ಇವತ್ತ ನೀ ಚೆಕ್ ಮಾಡೀದಿ ಅಂತ ಚಪ್ಪಲಿನೂ ಬಿಟ್ಟ ಬಂದೇನಿ."

ಕೆಸರಲ್ಲಿದ್ದ ಅವನ ಬರಿಗಾಲು ಕಂಡೆ; ಹಸಿ ಕಟ್ಟಿಗೆಯ ಮಾತು ನಾನು ಪಾಠದಲ್ಲಿ ಹೇಳಿರಲೇ ಇಲ್ಲ. ಆಮೇಲೆ ನಿವೃತ್ತಿಯವರೆಗೂ ಯಾವ ಮಗು "ತಿಳೀತ್ರಿ ಸರ್" ಅಂದರೂ ನಾನು ಮೊದಲು ಕೇಳುತ್ತಿದ್ದುದು ಒಂದೇ: "ಮನ್ಯಾಗ ಯಾರಿಗೆ, ಏನಂತ ಹೇಳ್ತಿ? ಹೇಳು, ಕೇಳೂಣು."