ನೀಲಿ ದಾರದ ಕೊಡೆ

ನಾವು ಅವಳನ್ನು ಇಸ್ತ್ರಿ ಅಕ್ಕ ಎಂದು ಕರೆಯುತ್ತಿದ್ದೆವು. ವಿಮಾನಪಡೆಯ ಪ್ಯಾರಾಚೂಟ್‌ಗಳನ್ನು ಮಡಚಿ ಚೀಲಕ್ಕೆ ತುಂಬುವ ಹಜಾರದಲ್ಲಿ ಅವಳ ಮೇಜು, ನನ್ನ ಮೇಜು ಎದುರುಬದುರು. ಅವಳು ಮಡಚಿದ ಬಟ್ಟೆಯಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿದವರಿಲ್ಲ. ನನ್ನದರಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ.

"ಹೀಗೆ ಮಡಚಿದ್ರೆ ಹಾಸಿಗೆ ಹೊದಿಕೆಗೂ ಆಗಲ್ಲ ಕಣೇ," ಎಂದು ಬಿಚ್ಚಿಸಿ, ಮತ್ತೆ ಮಡಚಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ಯಾರಾಚೂಟಿಗೆ ನಾವು ಇಟ್ಟ ಹೆಸರು ಕೊಡೆ. ಸ್ವಂತದವರ ಕೊಡೆಯನ್ನು ಯಾರೂ ಮಡಚಕೂಡದು ಎಂಬುದು ಅಲ್ಲಿನ ಕಟ್ಟಪ್ಪಣೆ. ಪ್ರೀತಿ ಹೆಚ್ಚಾದರೆ ಕೈ ನಡುಗುತ್ತದಂತೆ. ಕೊಡೆ ಬಿಚ್ಚಿ ಬದುಕಿ ಬಂದವನು ಅದನ್ನು ಮಡಚಿದವಳ ಬಳಿ ಬಂದು, ಕೈ ಕುಲುಕಿ ಕೃತಜ್ಞತೆ ಹೇಳಿ ಹೋಗುವ ರೂಢಿಯೂ ಇತ್ತು.

ಇಸ್ತ್ರಿ ಅಕ್ಕನ ತಮ್ಮ ಯುದ್ಧವಿಮಾನ ಹಾರಿಸುತ್ತಿದ್ದ. ಅವನ ಜೀವವನ್ನು ಬೇರೆಯವರ ಕೈಗೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಗುಟ್ಟಾಗಿ ಒಂದು ಕೊಡೆ ಮಡಚಿ, ಗುರುತಿಗೆಂದು ಅದರ ಪಟ್ಟಿಗೆ ನೀಲಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದಳು. ತಮ್ಮನಿಗೂ ಹೇಳಿದಳು. ಅದನ್ನು ಪೈಲಟ್‌ಗಳ ಕೋಣೆಗೆ ಒಯ್ದು ಅವನ ಗೂಟಕ್ಕೆ ನೇತುಹಾಕಿ, ಅಲ್ಲಿದ್ದುದನ್ನು ಬೇರೆ ಗೂಟಕ್ಕೆ ಸಾಗಿಸಿದವಳು ನಾನು. ನಿಯಮ ಮುರಿಯುವುದೆಂದರೆ ನಾನು ಯಾವಾಗಲೂ ಒಂದು ಹೆಜ್ಜೆ ಮುಂದೆ.

ಮೂರನೆಯ ದಿನ ಮಧ್ಯಾಹ್ನ ಮೇಲ್ವಿಚಾರಕಿ ಫೋನ್ ಕೆಳಗಿಟ್ಟು ಹೊರಬಂದಳು. ಮುಖ ಬಿಳಿಚಿಕೊಂಡಿತ್ತು.

"ನಮ್ಮ ಎರಡು ವಿಮಾನ ಹೊಡೆದುರುಳಿಸಿದ್ದಾರೆ. ಒಬ್ಬ ಕೊಡೆ ಬಿಚ್ಚಿ ಇಳಿದಿದ್ದಾನೆ, ಹೆಸರಿನ್ನೂ ಗೊತ್ತಾಗಿಲ್ಲ. ಅದರ ಪಟ್ಟಿಗೆ ನೀಲಿ ದಾರ ಹೊಲಿದೋರು ಯಾರು?"

"ನಾನೇ!" ಇಸ್ತ್ರಿ ಅಕ್ಕ ನಗುತ್ತಾ ಅಳುತ್ತಾ ಎದ್ದಳು. "ಕೆಲಸದಿಂದ ಬೇಕಾದ್ರೆ ತೆಗೀರಿ. ನನ್ನ ತಮ್ಮ ಬದುಕಿದಾನೆ!"

ನಾನು ಓಡಿಹೋಗಿ ಅವಳ ತಾಯಿಗೆ ಫೋನ್ ಮಾಡಿದೆ. "ನಿಮ್ಮ ಮಗ ಕ್ಷೇಮವಾಗಿ ಇಳಿದಿದಾನಮ್ಮಾ, ಇಲ್ಲಿಗೇ ಬರ್ತಾನೆ." ಮಾಡು ಎಂದು ಯಾರೂ ಹೇಳಿರಲಿಲ್ಲ. ನನ್ನ ಬಾಯಿಗೆ ಬೀಗ ಎಲ್ಲಿದೆ!

ಎರಡು ತಾಸು ಕಳೆದ ಮೇಲೆ ಬಾಗಿಲು ತೆರೆಯಿತು. ಒಳಗೆ ಬಂದವನು ಅವಳ ತಮ್ಮನಲ್ಲ. ಆ ವಾರವಷ್ಟೇ ಪಡೆಗೆ ಸೇರಿದ್ದ ಹೊಸ ಪೈಲಟ್. ಕೆನ್ನೆ ಸುಟ್ಟಿತ್ತು, ಕೈಯಲ್ಲಿ ನೀಲಿ ಹೊಲಿಗೆಯ ಪಟ್ಟಿಯ ತುಂಡಿತ್ತು.

"ಹೊರಡೋವಾಗ ನನ್ನ ಕೈಕಾಲು ನಡುಗ್ತಿತ್ತು ಅಕ್ಕಾ," ಎಂದ. "ನಿಮ್ಮ ತಮ್ಮ ಅವರದನ್ನೇ ಬಿಚ್ಚಿ ನನಗೆ ಹಾಕಿದ್ರು. 'ನಮ್ಮಕ್ಕ ಮಡಚಿದ್ದು, ಹೆದರಬೇಡ' ಅಂದ್ರು. ನನ್ನದನ್ನ ಅವರು ಹಾಕ್ಕೊಂಡ್ರು."

"ಅದು ಬಿಚ್ಚಲಿಲ್ವಾ?" ಇಸ್ತ್ರಿ ಅಕ್ಕ ಕೇಳಿದಳು.

"ಅವರು ಹೊರಗೆ ಹಾರಲೇ ಇಲ್ಲ ಅಕ್ಕಾ. ವಿಮಾನ ನನ್ನ ಕಣ್ಣೆದುರಿಗೇ ಸ್ಫೋಟ ಆಯ್ತು."

ಯಾವ ಕೊಡೆಯಿದ್ದರೂ ಅಷ್ಟೇ ಆಗುತ್ತಿತ್ತು. ಅದು ಗೊತ್ತಾದರೂ ಏನು ಬಂತು? ಅವಳು ಅಳಲಿಲ್ಲ. ಪಟ್ಟಿಯ ಹೊಲಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು, ಯಾವುದಾದರೂ ಸಡಿಲವಾಗಿದೆಯೇನೋ ಎಂಬಂತೆ. ಅವನು ಹಿಂಜರಿಯುತ್ತಾ ಕೈ ಚಾಚಿದ. ಅವಳು ಹಿಡಿದುಕೊಂಡಳು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಏದುಸಿರು ಕೇಳಿಸಿತು. ಅವಳ ತಾಯಿ. ಮಗನಿಗೆಂದು ತಂದ ಒಗೆದ ಅಂಗಿ ತೋಳಿನ ಮೇಲಿತ್ತು. ಅವನಿಗೆ ತೊಡಿಸಲೆಂದು ಬರುವಾಗಲೇ ಅದರ ಗುಂಡಿ ಬಿಚ್ಚಿಟ್ಟುಕೊಂಡಿದ್ದಳು.

"ಎಲ್ಲಿದಾನಮ್ಮಾ ಅವನು?" ಎಂದು ನನ್ನನ್ನೇ ಕೇಳಿದಳು.