ಬಾಳವ್ವನ ಕೆಂಪು ನೂಲು

ವಿದ್ಯಾಗಿರಿಯ ದವಾಖಾನೆಯಲ್ಲಿ ಬಾಳವ್ವ ತೂಕದ ಯಂತ್ರ ಹತ್ತಿದ್ದೇ ತಡ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿಕೊಂಡು, ಮೂರು ತುಂಡು ಕರದಂಟು ಡಾಕ್ಟರ್ ಭುವನೇಶ್ವರಿಯವರ ಕಾಲ ಮೇಲೇ ಬಿದ್ದವು. ಇಳಕಲ್ಲಿನಿಂದ ಬರುವ ಬಸ್ಸು ಕರದಂಟಿನ ಸಿಹಿಗೆ ಹೆಸರಾದ ಅಮೀನಗಡದಲ್ಲಿ ಹತ್ತು ನಿಮಿಷ ನಿಂತಿತ್ತು, ಅಷ್ಟು ಸಾಕಲ್ಲ.

"ಏನ್ ಬಾಳವ್ವಾ ಇದು?"

"ಅದರ ತೂಕ ಬಿಟ್ಟು ಬರ್ಕೋರಿ ಅವ್ವಾರ."

ಜೊತೆಗೆ ಬಂದಿದ್ದ ಗಂಡ ನಿಂಗಣ್ಣ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ಬಾಳವ್ವ ನಮ್ಮ ಓಣಿಯ ನೇಕಾರರ ಮನೆಯವಳು. ಇಳಕಲ್ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಕೆಂಪು ರೇಷ್ಮೆ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಹಿಡಿದು ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಮನೆಯಲ್ಲಿ ಮಗ್ಗ ನಿಂಗಣ್ಣನದು, ಕೊಂಡಿ ಬಾಳವ್ವನದು, ಮಾತೂ ಅವಳದೇ. ಮೂವತ್ತು ವರ್ಷ ಕೊಂಡಿ ಹಾಕಿದ ಆ ಬೆರಳುಗಳು ಹೋದ ವರ್ಷದಿಂದ ಬೆಳಿಗ್ಗೆ ಬಾತು, ಬಿಗಿದು, ಚಹಾದ ಕಪ್ಪನ್ನೂ ಹಿಡಿಯಲೊಲ್ಲೆವು ಎಂದವು. ಈಗ ನೋಡಿದರೆ ಮಗಳು ಶ್ರುತಿಯ ಮದುವೆ ಬಂದಿದೆ. ಮದುವೆ ಸೀರೆಗೆ ಬೇರೆಯವರಿಂದ ಕೊಂಡಿ ಹಾಕಿಸೋಣ ಎಂದ ನಿಂಗಣ್ಣನಿಗೆ ಬಾಳವ್ವ ಮೂರು ದಿನ ಊಟ ಕೊಟ್ಟಳು, ಮಾತು ಕೊಡಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು: "ಇದು ಸಂಧಿವಾತ. ಮೈಯಾಗ ಕಾವಲಿಗಂತ ನಾಯಿ ಇರ್ತಾವ ಅನ್ಕೋರಿ. ಅವು ಕಳ್ಳರನ್ನ ಬಿಟ್ಟು ಮನಿಮಂದೀನ ಕಡೀಲಿಕ್ಕೆ ಹತ್ಯಾವ. ಗುಳಿಗಿ ಅಂದ್ರ ಅವಕ್ಕ ಹಗ್ಗ. ಸಿಹಿ ತಿಂದು ತಿಂದು ಕೊಬ್ಬು ಬೆಳೀತಂದ್ರ, ಆ ಕೊಬ್ಬೇ ಅವನ್ನ ಛೂ ಬಿಡ್ತೈತಿ. ರೊಟ್ಟಿ, ಕಾಳು, ತಪ್ಪಲಪಲ್ಲೆ ತಿಂದ್ರ ಹೊಟ್ಟಿಗೂ ಸಮಾಧಾನ, ನಾಯಿಗೂ ಸಮಾಧಾನ."

"ನಾಯಿ ಇರ್ಲಿ ಬಿಡ್ರಿ. ನನ್ನ ಕೈಲೆ ಕೊಂಡಿ ಹಾಕಾಕ ಆಕೈತೋ ಇಲ್ಲೋ, ಅಷ್ಟ ಹೇಳ್ರಿ."

"ಗುಳಿಗಿ ತಪ್ಪಸಬ್ಯಾಡ್ರಿ. ದಿನಾ ತಿಂದದ್ದು ಬರ್ದಿಡ್ರಿ. ಮೂರ್ ತಿಂಗಳಿಗೆ ನೋಡೋಣು."

ಬಾಳವ್ವನಿಗೆ ಬರಹ ಬಾರದು. ಒಂದು ಜೋಳದ ದಂಟು ತಂದಳು. ರೊಟ್ಟಿಗೆ ಬಿಳಿ ನೂಲು, ಪಲ್ಲೆಗೆ ಹಸಿರು, ಕರದಂಟಿಗೆ ಸೆರಗಿನ ಕೆಂಪು ಎಂದು ತಿಂದಾಗೊಮ್ಮೆ ಒಂದು ಸುತ್ತು ಸುತ್ತಿದಳು. ಕರದಂಟಿನ ವರದಿ ಹೀಗೆ ಜೋಳದ ದಂಟಿನ ಮೇಲೆ ಬೆಳೆಯಿತು. ಬೆರಳು ಬಿಗಿದ ದಿನ ನಿಂಗಣ್ಣ ಸುತ್ತುತ್ತಿದ್ದ. ಕೆಂಪನ್ನು ಮಾತ್ರ ಅವನ ಕೈಗೆ ಅವಳು ಕೊಡಲಿಲ್ಲ.

ಮೂರು ತಿಂಗಳಿಗೆ ತೂಕ ಮೂರು ಕಿಲೋ ಇಳಿದಿತ್ತು. "ಮುಷ್ಟಿ ಹಿಡೀರಿ" ಎಂದರೆ ಮುಷ್ಟಿ ಮುಚ್ಚಿತು. ಡಾಕ್ಟರು ದಂಟನ್ನು ಬೆಳಕಿಗೆ ಹಿಡಿದರು. ಮೊದಲ ಗೇಣು ಕುಂಕುಮ ಚೆಲ್ಲಿದಂತಿತ್ತು. ನಡುವೆ ಕೆಂಪು ವಾರಕ್ಕೊಂದಕ್ಕೆ ಇಳಿದಿತ್ತು. ಕೊನೆಯ ಗೇಣಿನಲ್ಲಿ ಬರೀ ಬಿಳಿ, ಹಸಿರು.

"ಖುಶನುಮಾ, ಬಾ ಇಲ್ಲೆ!" ಎಂದು ನರ್ಸನ್ನು ಕೂಗಿದರು. "ಬಾಯಿ ಕಟ್ಟೂದಂದ್ರ ಹಿಂಗ ನೋಡು. ಬಾಳವ್ವಾ, ಕಡೀ ತಿಂಗಳ ಒಂದೂ ಕರದಂಟ ಮುಟ್ಟಿಲ್ಲಲಾ! ಮನಸ್ಸು ಹೆಂಗ ಹಿಡದ್ರಿ?"

ಬಾಳವ್ವ ನಿಂಗಣ್ಣನ ಕಡೆ ನೋಡಿದಳು. ಅವನು ಕ್ಯಾಲೆಂಡರ್ ನೋಡಿದ.

"ಮನಸ್ಸಲ್ರಿ ಅವ್ವಾರ. ಶ್ರುತಿ ಸೆರಗಿಗೆ ಕೊಂಡಿ ಹಾಕೂದ್ರಾಗ ಕೆಂಪು ನೂಲೆಲ್ಲಾ ತೀರಿ ಹೋತ್ರಿ. ತಿಂದದ್ದಕ್ಕ ಸುತ್ತಾಕ ಉಳೀಲಿಲ್ಲ."